ಟವೆಲ್ ಹಾಕಿ ಹಿಡಿದ ಸೀಟು

ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಡಗಿ ಬಸ್ಸು ಇನ್ನೂ ನಿಂತಿರಲಿಲ್ಲ, ನಮ್ಮ ಯಜಮಾನರು ಓಡಿಹೋಗಿ ಕಿಟಕಿಯೊಳಗೆ ಟವೆಲ್ ಎಸೆದು ಮೂವರು ಕೂಡುವ ಸೀಟು ಹಿಡಿದೇಬಿಟ್ಟರು. ಆಗಷ್ಟೇ ಕಿರಿಮಗಳನ್ನು ಮಿರಜಿನ ರೈಲು ಹತ್ತಿಸಿ ಬಂದಿದ್ದೆವು. ದೊಡ್ಡ ಮಕ್ಕಳಿಬ್ಬರು ಮೊದಲೇ ದೂರದ ಊರು ಸೇರಿದ್ದರು. ಈಗ ಇವಳಿಗೂ ಮಿರಜಿನಲ್ಲಿ ನರ್ಸ್ ಕೆಲಸ ಸಿಕ್ಕಿತ್ತು.

ಇವರು ಕಿಟಕಿ ಪಕ್ಕದ ಜಾಗದಲ್ಲಿ ಟವೆಲ್ ಹಾಸಿ, ಈಚೆ ಸರಿದು ಕುಳಿತರು. ಬಸ್ಸು ತುಂಬಿತು. ಕೂಸನ್ನೆತ್ತಿಕೊಂಡು ನಿಂತಿದ್ದ ಹೆಂಗಸೊಬ್ಬಳು, "ಅಲ್ಲಿ ಯಾರರ ಬರೋರು ಅದಾರೇನ್ರಿ?" ಎಂದಳು.

"ನಮ್ಮ ಹುಡುಗಿ ಬರ್ತಾಳವಾ. ಆಕಿಗೆ ಕಿಡಕಿ ಬೇಕು, ಇಲ್ಲಂದ್ರ ವಾಂತಿ ಮಾಡ್ಕೊಂತಾಳ," ಎಂದರು ಇವರು.

ಕಂಡಕ್ಟರ್ ಸೀಟಿ ಊದಿದ. ಇವರು "ತಡೀರಿ, ತಡೀರಿ" ಎನ್ನುತ್ತ ಎದ್ದು ಬಾಗಿಲ ಕಡೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಟವೆಲ್ ತೆಗೆದು ಆ ತಾಯಿಗೆ ಜಾಗ ಬಿಟ್ಟರು. ಆ ಟವೆಲನ್ನು ಮುಖಕ್ಕೆ ಒತ್ತಿಕೊಂಡವರು ಬ್ಯಾಡಗಿ ಬರುವವರೆಗೂ ಇಳಿಸಲಿಲ್ಲ.

ಅಂದಿನಿಂದ ಇವರು ಬಸ್ಸಿಗೆ ಓಡುವುದನ್ನೇ ಬಿಟ್ಟಿದ್ದಾರೆ. ಟವೆಲ್ ಹೆಗಲ ಮೇಲೆಯೇ ಇರುತ್ತದೆ. ಎಲ್ಲರೂ ಹತ್ತಿದ ಮೇಲೆ ನಾವು ಹತ್ತುತ್ತೇವೆ, ಊರು ಬರುವ ತನಕ ನಿಂತೇ ಬರುತ್ತೇವೆ.