ಅವ್ವ ಹಚ್ಚಿದ ವಿಭೂತಿ

ಬೂದಿ ಬುಧವಾರದಂದು ಚರ್ಚಿನಲ್ಲಿ ಗುರುಗಳು ಹಣೆಗೆ ಬೂದಿ ಹಚ್ಚಿದಾಗ ಯೇಸುವಿನ ಕರೆ ಕೇಳಿಸಿತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ಆ ದಿನ ನನ್ನ ಹಣೆಯ ಮೇಲಿದ್ದದ್ದು ಅವ್ವ ಹಚ್ಚಿದ ವಿಭೂತಿ.

ಆಗ ಹನೂರಿನಾಚೆಯ ಒಂದು ಕ್ರೈಸ್ತರ ಊರಿನಲ್ಲಿ ನಾನು ಮೇಷ್ಟ್ರು. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ ಬಂದವನು. ಮನೆಯ ಶಿವಪೂಜೆಯನ್ನೂ ನಂಬುತ್ತಿರಲಿಲ್ಲ, ಚರ್ಚಿನ ಗಂಟೆಯನ್ನೂ. ರಜೆ ಮುಗಿಸಿ ಮಧುವನಹಳ್ಳಿಯಿಂದ ಹೊರಟ ಬೆಳಗ್ಗೆ ಅವ್ವ ಒದ್ದೆ ಬೆರಳಲ್ಲಿ ಹಣೆಗೆ ಬಳಿದು, "ಊರು ಸೇರಗಂಟ ಒರೆಸ್ಕಬ್ಯಾಡ ಕಣ್ಲಾ" ಎಂದಳು. ಒರೆಸಲಿಲ್ಲ. ಬಸ್ಸಿನ ಬೆವರಿಗೆ ಮೂರು ಗೆರೆಯೂ ಕಲಸಿಹೋಗಿ ಬರೀ ಒಂದು ಬೂದಿಯ ಕಲೆ ಉಳಿದಿತ್ತು — ಉಳಿದಿರಬೇಕು.

ಬಸ್ಸಿಳಿದು ಚರ್ಚಿನ ಬಾಗಿಲಲ್ಲಿ ನಿಂತೆ, ಹಣೆಗೆ ಬೂದಿ ಹಚ್ಚಿಸಿಕೊಂಡು ಕೂತವರನ್ನು ನೋಡಿ ನಗುವುದಕ್ಕೆ. ಶಾಲೆಯ ಪಕ್ಕದ ಮನೆಯ ಆರೋಗ್ಯಮ್ಮ ನನ್ನ ಹಣೆ ಕಂಡು ಚಾಪೆಯಲ್ಲಿ ಸರಿದು ಜಾಗ ಮಾಡಿದರು. "ಬೂದಿ ಇಕ್ಕುಸ್ಕಂಡು ಬಾಗ್ಲಲ್ಲೇ ನಿಂತ್ರೆ ಎಂಗೆ ಸಾ? ಒಳಿಕ್ ಬನ್ನಿ."

ಇದು ಆ ಬೂದಿಯಲ್ಲ ಎನ್ನಬಹುದಿತ್ತು. ಕೂತೆ. ಯೇಸು ಕರೆದೊಡನೆ ಬಲೆ ಬಿಟ್ಟು ಎದ್ದು ನಡೆದ ಬೆಸ್ತರ ಕಥೆಯನ್ನು ಗುರುಗಳು ಹೇಳುತ್ತಿದ್ದರು. ನನಗೆ ಏಳಲಾಗಲಿಲ್ಲ — ಯಾಕೆಂದು ಈಗಲೂ...

ಮರುವರ್ಷದ ಈಸ್ಟರಿಗೆ ಜ್ಞಾನಸ್ನಾನವಾಗಿ ಕ್ರೈಸ್ತನಾದೆ. ಆರೋಗ್ಯಮ್ಮನೇ ಜ್ಞಾನತಾಯಿಯಾಗಿ, ಆ ದೀಕ್ಷೆಗೆ ಸಾಕ್ಷಿಯಾಗಿ ನಿಂತರು. ಆ ಸಂತೋಷ ಸುಳ್ಳಲ್ಲ, ಇಂದಿಗೂ ಮಾಸಿಲ್ಲ. ಕರೆ ಹೇಗೆ ಬಂತೆಂದು ಜನ ಕೇಳಿದಾಗ ಆಕೆ ತಾನು ಕಂಡ ಬೂದಿಯ ಕಥೆ ಹೇಳಿದರು, ನಾನು ತಲೆಯಾಡಿಸಿದೆ. ಪ್ರತಿವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಾನೇ ಹೇಳಿ ಹೇಳಿ, ಈಗ ಗುರುಗಳ ಹೆಬ್ಬೆರಳಿನ ತಣುಪು ಕೂಡ ನೆನಪಾಗುತ್ತದೆ — ಅಂದು ನಾನು ಪೀಠದ ಬಳಿ ಹೋಗಿಯೇ ಇರಲಿಲ್ಲ.

ಅವ್ವನಿಗೂ ಇದೇ ಕಥೆ ಹೇಳಿದ್ದೆ. "ನನ್ ಕೈಲಿ ಏನ್ ತಪ್ಪಾಯ್ತಪ್ಪ, ಇನ್ನೊಬ್ರ ಕೈ ಬೂದಿ ಬೇಕಾಯ್ತಲ್ಲ ನಿಂಗೆ" ಎಂದಳು. ಉತ್ತರ ಗೊತ್ತಿತ್ತು. ಹೇಳಲಿಲ್ಲ — ಅವಳ ಕೈ ಸೇರಿದರೆ ನನ್ನ ಕರೆ ಸಣ್ಣದಾಗುತ್ತದೆಂದುಕೊಂಡೆ. ಅಂದಿನಿಂದ ಅವಳು ನನ್ನ ಹಣೆ ಮುಟ್ಟಿಲ್ಲ.

ಮೊನ್ನೆ ಆರೋಗ್ಯಮ್ಮನಿಗೆ ಎಲ್ಲ ಹೇಳಿದೆ. ನಕ್ಕುಬಿಟ್ಟರು. "ನಿಮ್ಮವ್ವ ಇಕ್ಕುದ್ದಾ? ಅಂಗಾರೆ ನಿಮ್ಮುನ್ನ ಒಳಿಕ್ ಕಳ್ಸಿದ್ದು ಅವ್ರೇ ಅಲ್ವಾ ಸಾ. ನಂಗೇಳಿ ಏನ್ ಬಂತು, ಓಗಿ ಅವ್ರಿಗೇಳಿ."

ನಾಳೆ ಮತ್ತೆ ಬೂದಿ ಬುಧವಾರ. ಪ್ರತಿವರ್ಷ ಹಣೆ ಒರೆಸಿಕೊಂಡೇ ಅವ್ವನ ಎದುರಿಗೆ ಹೋಗುತ್ತಿದ್ದೆ. ಈ ಸಲ ಗುರುಗಳು ಹಚ್ಚಿದ್ದನ್ನು ಊರು ಸೇರುವ ತನಕ ಒರೆಸುವುದಿಲ್ಲ. ಅವ್ವನಿಗೆ ನಿಜ ಹೇಳುತ್ತೇನೆ. ಕೇಳಿದ ಮೇಲೆ ಅವಳು ನನ್ನ ಹಣೆ ಮುಟ್ಟುವಳೋ ಇಲ್ಲವೋ — ಅದು ಅವಳಿಗೆ ಬಿಟ್ಟದ್ದು.