ಸುತ್ತಿಗೆಯ ಕೆಳಗಿನ ನೆಲ

ಸುಪ್ರಜಾ ಲೋಕವನ್ನೆಲ್ಲ ಅನುಮಾನಿಸುವ, ತನ್ನನ್ನು ಮಾತ್ರ ಎಂದೂ ಅನುಮಾನಿಸದ ಹೆಂಗಸು. ಹಾಲಿನವನು ನೀರು ಬೆರೆಸುತ್ತಾನೆ, ಆಟೋದವನು ಸುತ್ತುಬಳಸಿ ಕರೆದೊಯ್ಯುತ್ತಾನೆ, ನಗುತ್ತ ಮಾತಾಡಿಸುವವರಿಗೆ ಏನೋ ಬೇಕಾಗಿದೆ. ಇವು ಅವಳ ಮಟ್ಟಿಗೆ ರುಜುವಾತಾದ ಸಂಗತಿಗಳು.

ಚಾಮರಾಜಪೇಟೆಯ ಹಳೆಯ ಮನೆಯೊಂದರ ಮಹಡಿಯಲ್ಲಿ ಅವಳ ರಸ್ತೆ ಪರೀಕ್ಷೆಯ ಲ್ಯಾಬ್. ಬಿಸಿ ಡಾಂಬರು ಕಲಸಿದ ಜಲ್ಲಿಯನ್ನು ಅಚ್ಚಿಗೆ ತುಂಬಿ, ಭಾರದ ಸುತ್ತಿಗೆಯನ್ನು ಎತ್ತೆತ್ತಿ ಬಿಟ್ಟು ಕುಟ್ಟಿದರೆ ಅಂಗೈಯಗಲದ ಬಿಲ್ಲೆಯಾಗುತ್ತದೆ. ಹೊಸ ರಸ್ತೆಯಿಂದ ಕೊರೆದು ತಂದ ತುಂಡು ಹೆಚ್ಚುಕಡಿಮೆ ಈ ಬಿಲ್ಲೆಯಷ್ಟು ಗಟ್ಟಿಯಿದ್ದರೆ ರಸ್ತೆ ಪಾಸು. ಸಹಾಯಕ ವಿಶ್ವಾರಾಧ್ಯ ಮಾಡಿದ ಲೆಕ್ಕಗಳನ್ನು ಅವಳು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಳು. ಆ ಪೆನ್ನನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ದಿನವಿಡೀ ಕೈಯಲ್ಲಿ ಕುಟ್ಟುವವರು ಈಗ ಸಿಗುವುದು ಕಷ್ಟ. ತಾನೇ ಕುಟ್ಟುವ ಮೆಷೀನು ಕೊಳ್ಳಬೇಕಾಗಿತ್ತು. ವಿಶ್ವಾರಾಧ್ಯ ಕಲಾಸಿಪಾಳ್ಯದ ಡೀಲರ್ ಅನಿಲ್ ಕುಮಾರನ ಗೋಡೌನಿಗೆ ಹೋಗಿ, ಅಲ್ಲಿಯ ಮೆಷೀನಿನಲ್ಲಿ ಬಿಲ್ಲೆ ಮಾಡಿಸಿ ತಂದ. ಅದು ಮಹಡಿಯಲ್ಲಿ ಕುಟ್ಟಿದ ಬಿಲ್ಲೆಗಿಂತ ಎದ್ದು ಕಾಣುವಷ್ಟು ಗಟ್ಟಿಯಾಗಿತ್ತು.

"ಅದೇ ಮಾಲು, ಅಷ್ಟೇ ಪೆಟ್ಟು. ಇದು ಹೇಗೆ ಜಾಸ್ತಿ ಗಟ್ಟಿ ಆಯ್ತು?"

"ಮೆಷೀನ್ ಚೆನ್ನಾಗಿದೆ ಮೇಡಂ. ತಗೊಳ್ಳೋಣ ಅನ್ಸತ್ತೆ."

"ಅನಿಲ್ ಕುಮಾರ್ ಊಟ ಹಾಕ್ಸಿದ್ನಾ?"

"ಬಾದಾಮಿ ಹಾಲು ಕುಡಿಸಿದ್ರು."

"ಅಷ್ಟಕ್ಕೇ ಬಿದ್ಹೋದ್ರಾ?"

ಅವನು ನಕ್ಕ, ಅವಳು ನಗಲಿಲ್ಲ. ಸುತ್ತಿಗೆಯ ತೂಕ ಹೆಚ್ಚಿಸಿದ್ದಾರೆ, ಇವನಿಗೆ ಕಮಿಷನ್ ಸಿಕ್ಕಿದೆ. ಮೋಸ ಕಂಡುಹಿಡಿದ ದಿನವೇ ಇವನನ್ನು ಮನೆಗೆ ಕಳಿಸುವುದೆಂದು ನಿಶ್ಚಯಿಸಿದಳು.

ಮರುದಿನ ತೂಕದ ಯಂತ್ರ, ಟೇಪು ಹಿಡಿದು ತಾನೇ ಗೋಡೌನಿಗೆ ಹೋದಳು. ಸುತ್ತಿಗೆಯನ್ನು ತೂಗಿದಳು, ಅದು ಬೀಳುವ ಎತ್ತರ ಅಳೆದಳು, ಪೆಟ್ಟುಗಳನ್ನು ಎಣಿಸಿದಳು.

"ನನ್ನನ್ನೂ ಒಂದ್ಸಲ ತೂಗ್ಬಿಡಿ ಮೇಡಂ," ಎಂದ ಅನಿಲ್ ಕುಮಾರ್.

ಎಲ್ಲವೂ ಸರಿಯಾಗಿತ್ತು. ಅವಳ ಕಣ್ಣೆದುರಿಗೇ ಆದ ಬಿಲ್ಲೆಯೂ ಅಷ್ಟೇ ಗಟ್ಟಿ. ಯಾರ ತಪ್ಪೂ ಸಿಗದೆ ಸಿಡುಕುತ್ತ ಹಿಂತಿರುಗಿದಾಗ ಮೆಟ್ಟಿಲ ಬಳಿ ಕಾವೇರಮ್ಮ ನಿಂತಿದ್ದರು. ನಿವೃತ್ತ ಶಾಲಾ ಶಿಕ್ಷಕಿ, ಮನೆಯ ಮಾಲೀಕರು. ಕೆಳಗಿನ ಭಾಗದಲ್ಲಿ ಅವರ ವಾಸ. ಮೇಲೆ ಸುತ್ತಿಗೆ ಧಡಧಡ ಬೀಳುತ್ತಿತ್ತು.

"ಏನಮ್ಮ ಸುಪ್ರಜಾ, ಇದು ನಿಲ್ಲೋದು ಯಾವಾಗ? ನಮ್ಮ ಅಡುಗೆಮನೆ ಡಬ್ಬಗಳೆಲ್ಲ ಕುಣೀತಿವೆ."

ವರ್ಷಗಳಿಂದ ಇದೇ ದೂರು. ಬಾಡಿಗೆ ಏರಿಸಲು ಇದು ಪೀಠಿಕೆಯೆಂದೇ ಸುಪ್ರಜಾ ನಂಬಿದ್ದಳು.

"ಬಾಡಿಗೆ ಜಾಸ್ತಿ ಬೇಕು ಅಂದ್ರೆ ನೇರವಾಗಿ ಹೇಳಿ."

"ಬಾಡಿಗೆ ಮಾತು ಯಾರೆತ್ತಿದ್ರು? ಒಳಗೆ ಬಂದು ನೋಡಿ, ಆಮೇಲೆ ಮಾತಾಡಿ."

ಮೊದಲ ಬಾರಿ ಒಳಗೆ ಹೋದಳು. ಒಂದೊಂದು ಪೆಟ್ಟಿಗೂ ಶೆಲ್ಫಿನ ಮೇಲಿನ ಸ್ಟೀಲ್ ಡಬ್ಬಗಳು ಗಲಗಲಿಸಿದವು. ಮರದ ತೊಲೆಗಳ ಹಳೆಯ ತಾರಸಿ ನಡುಗಿ ಸುಣ್ಣ ಉದುರಿತು. ಕಾವೇರಮ್ಮ ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದರು.

ಗೋಡೌನಿನದು ಕಲ್ಲುಚಪ್ಪಡಿಯ ಗಟ್ಟಿ ನೆಲ. ಇಲ್ಲಿ ಬಿಲ್ಲೆಗೆ ಬೀಳಬೇಕಾದ ಪೆಟ್ಟಿನಲ್ಲಿ ಒಂದು ಪಾಲು ಈ ಡಬ್ಬಗಳಿಗೆ ಬೀಳುತ್ತಿತ್ತು. ಹಾಗಾದರೆ ತನ್ನ ಬಿಲ್ಲೆಗಳೆಲ್ಲ ಸಡಿಲ. ಸಡಿಲ ಬಿಲ್ಲೆಯ ಪಕ್ಕ ಇಟ್ಟರೆ ಎಂಥ ಸಡಿಲ ರಸ್ತೆಯೂ ಗಟ್ಟಿಯಾಗಿಯೇ ಕಾಣುತ್ತದೆ. ಅಂಥ ಎಷ್ಟು ರಸ್ತೆಗಳಿಗೆ ತಾನು ಸಹಿ ಹಾಕಿದ್ದಳೋ.

ಮೇಲೆ ಹೋದಾಗ ವಿಶ್ವಾರಾಧ್ಯ, ಬೆಳಿಗ್ಗೆ ಅವಳು ಸಹಿ ಮಾಡಿದ್ದ ರಿಪೋರ್ಟನ್ನು ಕಾಂಟ್ರಾಕ್ಟರಿಗೆ ಕಳಿಸಲು ಕವರಿಗೆ ಹಾಕುತ್ತಿದ್ದ.

"ಅದು ಹೋಗೋದು ಬೇಡ," ಎಂದಳು. "ಸುತ್ತಿಗೆ, ಅಚ್ಚು ಕೆಳಗೆ ಒಯ್ದು ಅಂಗಳದ ಕಲ್ಲಿನ ಮೇಲೆ ಹೊಸದಾಗಿ ಬಿಲ್ಲೆ ಕುಟ್ಟಿಸಿ. ಆಮೇಲೆ ಈ ರಿಪೋರ್ಟ್ ಚೆಕ್ ಮಾಡಿ. ಹಳೇ ರಿಪೋರ್ಟ್‌ಗಳನ್ನೂ ತೆಗೆದು ನೋಡಿ."

"ನಿಮ್ಮ ರಿಪೋರ್ಟ್‌ನ ನಾನು ಚೆಕ್ ಮಾಡ್ಬೇಕಾ ಮೇಡಂ?"

ಅವಳು ಕೆಂಪು ಪೆನ್ನಿನ ಕ್ಯಾಪ್ ತೆಗೆದು ಅವನ ಮುಂದಿಟ್ಟಳು.