ಉಪವಾಸದ ತಾರ್ಲಿ

ನಿಪ್ಪಾಣಿಯ ಮೀನು ಬಜಾರಿನಲ್ಲಿ ತುಳಸವ್ವ ಬುಟ್ಟಿ ಇಟ್ಟು ಇಪ್ಪತ್ತೆಂಟು ವರ್ಷವಾಗಿತ್ತು. ದೇವಗಡದ ಬಂದರಿನಿಂದ ಘಾಟ್ ಹತ್ತಿ ಬರುವ ತಾರ್ಲಿ ಮೀನನ್ನು ಅವಳಷ್ಟು ಚೊಕ್ಕವಾಗಿ ಸೀಳಿಕೊಡುವವರು ಆ ಸಾಲಿನಲ್ಲೇ ಇರಲಿಲ್ಲ. ಅಂಥವಳನ್ನು ಖಾನಾವಳಿ ನಡೆಸುವ ವಿಶ್ವಾಸ ಎಂಬವನು ಬಜಾರಿನ ಜನರೆದುರೇ ಕಳ್ಳಿ ಅಂದುಬಿಟ್ಟ.

“ಏನ್ ಮೀನವಾ ಇವು? ತವಾದ ಮ್ಯಾಲ ಹಾಕಿದ್ರ ಒಂದ್ ಹನಿ ಎಣ್ಣಿ ಬಿಡೂದಿಲ್ಲ. ಛಲೋ ಮಾಲು ಕೊಲ್ಲಾಪುರಕ್ಕ ಕಳಿಸಿ, ಕಸಾ ನಮಗ ಕೊಡಾಕತ್ತಿಯೇನ, ಕಳ್ಳಿ?”

ತುಳಸವ್ವನ ಮೈಯೆಲ್ಲ ಉರಿಯಿತು. ಮೀನು ಸೊರಗಿದ್ದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅವಳಿಗೇ. ಬೇರೆ ವರ್ಷ ಮಳೆಗಾಲ ಕಳೆದ ಮೇಲೆ ತಾರ್ಲಿ ಸೀಳಿದರೆ ಹೊಟ್ಟೆಯಿಂದ ಹಸಿರು ಕೆಸರಿನಂಥದು ಹೊರಬರುತ್ತಿತ್ತು, ಒಳಗೆಲ್ಲ ಕೊಬ್ಬು. ಈ ಸಲ ಕರುಳು ದಾರದಂತಾಗಿತ್ತು.

ಮರುದಿನ ಬೆಳಿಗ್ಗೆ ಮೀನು ಇಳಿಸಿ ಹೊರಟ ಟೆಂಪೋವನ್ನೇ ಹತ್ತಿ ಅವಳು ದೇವಗಡಕ್ಕೆ ಹೋದಳು. ತನಗೆ ಮೀನು ಕಳಿಸುವ ದಲಾಲ ಸಂಭಾಜಿಯ ಮುಖಕ್ಕೆ ಒಂದು ತಾರ್ಲಿಯ ಹೊಟ್ಟೆ ಸೀಳಿ ಹಿಡಿದು, ಮರಾಠಿಯಲ್ಲಿ ಕೇಳಿದಳು: “ಇವು ಉಪವಾಸ ಅದಾವು. ಸಮುದ್ರದಾಗ ಇವು ತಿನ್ನೂದು ಏನಾತು?”

ಅವನು ನಕ್ಕ. “ಘಾಟಿನ ಮ್ಯಾಲಿನವರು ನೀವು. ಕಬ್ಬಿನ ಸುದ್ದಿ ಹೇಳ್ರಿ ಮಾವಶಿ, ಸಮುದ್ರದ್ದು ನಮಗ ಬಿಡ್ರಿ.”

ಅಲ್ಲೇ ಬಲೆ ಹೆಣೆಯುತ್ತಿದ್ದ ಮುದುಕ ಜ್ಞಾನದೇವ ನಗಲಿಲ್ಲ. ನಲವತ್ತು ವರ್ಷ ದೋಣಿ ನಡೆಸಿದವನು. ಮೀನನ್ನು ಅಂಗೈಯಲ್ಲಿಟ್ಟು ನೋಡಿ, “ಈಕಿ ಹೇಳೂದು ಖರೇ ಐತಿ” ಅಂದ. ನೀರಿನಲ್ಲಿ ಕಣ್ಣಿಗೆ ಕಾಣದಂಥ ಹಸಿರು ಜೀವಗಳು ಇರುತ್ತವೆ, ಅವನ್ನು ತಿನ್ನುವ ಸಣ್ಣ ಹುಳಗಳೂ ಇರುತ್ತವೆ, ಸರ್ವೆಗೆ ಬರುವ ಸಾಹೇಬರು ಪ್ಲಾಂಕ್ಟನ್ ಅನ್ನುತ್ತಾರೆ, ತಾರ್ಲಿಗೆ ಅದೇ ಊಟ ಎಂದು ತಿಳಿಸಿ ಹೇಳಿದ. ಮಳೆಗಾಲದಲ್ಲಿ ತಳದ ತಣ್ಣೀರು ಮೇಲೆದ್ದರೆ ಈ ಹಸಿರು ಹುಲುಸಾಗಿ ಬೆಳೆಯುತ್ತದೆ. ಈ ವರ್ಷ ನೀರು ಬೆಚ್ಚಗೇ ಉಳಿಯಿತು, ಹಸಿರು ಏಳಲೇ ಇಲ್ಲ.

ಅವನು ಹೇಳುತ್ತಿದ್ದಂತೆಯೇ ತುಳಸವ್ವನ ಕಣ್ಣು ಆಚೆಯ ಲಾರಿಯ ಮೇಲೆ ಬಿತ್ತು. ಬೆರಳುದ್ದದ ತಾರ್ಲಿ ಮರಿಗಳನ್ನು ಆಳುಗಳು ಸಲಿಕೆಯಿಂದ ತುಂಬುತ್ತಿದ್ದರು.

“ಅವು ಎಲ್ಲಿಗೆ?”

“ಮಿಲ್ಲಿಗೆ. ಪುಡಿ ಮಾಡಿ ಕೋಳಿಗೆ ಹಾಕ್ತಾರ” ಅಂದ ಸಂಭಾಜಿ.

“ಹೊಟ್ಟಿಗಿಲ್ಲದ ಕೂಸುಗಳನ್ನ! ಬದುಕಿ ಉಳಿದದ್ದನ್ನಾದ್ರೂ ಬಿಟ್ಟಿದ್ರ ಬರೂ ವರ್ಷಕ್ಕ ಮೀನಾಗ್ತಿದ್ವಲ್ಲೋ! ದೋಚಾವ್ರು ನೀವು, ಬಜಾರದಾಗ ಕಳ್ಳಿ ಅನ್ನಿಸ್ಕೊಳ್ಳಾಕ ನಾ ಬೇಕೇನ?”

“ನಾ ಬಿಟ್ರ ಇನ್ನೊಬ್ಬಾಂವ ಹಿಡಿತಾನ್ರಿ.”

“ಎಲ್ಲಾರೂ ಹಿಂಗ ಅಂತೀರಿ” ಎಂದವಳೇ ತಿರುಗಿ ನಡೆದಳು.

ಅಂದಿನಿಂದ ಬೆರಳುದ್ದದ ತಾರ್ಲಿಯನ್ನು ಅವಳು ಬುಟ್ಟಿಗೆ ಹಾಕಲಿಲ್ಲ, ದೊಡ್ಡದು ಬರುವುದೇ ನಿಂತಿತ್ತು. ಆ ಚಳಿಗಾಲವೆಲ್ಲ ಒಣ ಸಿಗಡಿ, ಕೃಷ್ಣಾ ಹೊಳೆಯ ಮೀನು ಮಾರಿದಳು. ಪಕ್ಕದವರ ಬುಟ್ಟಿಯಲ್ಲಿ ಮರಿಗಳು ಖರ್ಚಾಗುತ್ತಲೇ ಇದ್ದವು. ಹಳೆಯ ಗಿರಾಕಿಗಳು ಅವಳನ್ನು ದಾಟಿ ಹೋದರು. ಯಾಕೆ ತಾರ್ಲಿ ಇಲ್ಲ ಎಂದು ಕೇಳಿದವರಿಗೆಲ್ಲ ಹಸಿರು ನೀರಿನ ಕತೆ ಹೇಳಿದಳು. ಕೆಲವರು ಕೇಳಿದರು, ಹಲವರು ನಕ್ಕರು.

ಮರುವರ್ಷ ಮಳೆಗಾಲ ಮುಗಿಯುವಾಗ ಜ್ಞಾನದೇವನ ಫೋನ್ ಬಂತು, ನೀರು ಹಸಿರಾಗಿದೆ ಎಂದು. ತುಳಸವ್ವ ಆಸೆಯಿಂದ ಟೆಂಪೋದ ದಾರಿ ಕಾದಳು. ಬಂದದ್ದು ಎರಡೇ ಪೆಟ್ಟಿಗೆ. ಮೀನು ಮಾತ್ರ ಒಂದೊಂದೂ ಗುಂಡಗೆ, ಹೊಟ್ಟೆ ತುಂಬ ಉಂಡಿದ್ದವು.

ವಿಶ್ವಾಸ ಬಂದು ಒಂದನ್ನು ಎತ್ತಿ ನೋಡಿ, “ಈ ಸಲ ಛಲೋ ತಂದೀ ನೋಡವಾ” ಅಂದ.

“ಸಮುದ್ರದಾಗ ಊಟ ಐತಿ, ಉಣ್ಣಾವ್ರಿಲ್ಲ” ಅಂದಳು ತುಳಸವ್ವ. “ಹ್ವಾದ ವರ್ಷ ಮರಿ ಎಲ್ಲಾ ಕೋಳಿ ಹೊಟ್ಟಿಗೆ ಹೋಗ್ಯಾವು.”

ಅವನಿಗೆ ಅರ್ಥವಾಗಲಿಲ್ಲ. ಅವಳು ಸಿಟ್ಟಿನಿಂದಲೇ ಈಳಿಗೆಗೆ ಮೀನು ಹಿಡಿದಳು.